ಬಾಣಂತಿ ಮನೆಯ ನೀರು

ಇದನ್ನು ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ನೀರಿನ ವಿಷಯ ತಿಳಿದವರಿದ್ದಾರೆ, ರೋಗದ ವಿಷಯ ತಿಳಿದವರಿದ್ದಾರೆ. ಅವರು ಹೇಳಿದ್ದರೆ ಇನ್ನೂ ನೆಟ್ಟಗೆ ಹೇಳುತ್ತಿದ್ದರು. ಯಾರೂ ಹೇಳಲಿಲ್ಲ. ಇದರಲ್ಲಿ ಹೇಳುವಂಥದ್ದೇನಿದೆ ಎಂದು ಬಿಟ್ಟಿರಬೇಕು. ಎಲ್ಲಾದರೂ ತಪ್ಪಿದ್ದರೆ ಕಮರಿಪೇಟೆಯವರು ತಿದ್ದಿಕೊಂಡು ಓದಬೇಕು, ಹೇಳಿದವರ ಮೇಲೆ ಸಿಟ್ಟಾಗಬಾರದು.

ಸುಕನ್ಯಾ ಕಮರಿಪೇಟೆ ಭಾಗದ ಆರೋಗ್ಯ ನಿರೀಕ್ಷಕಿ. ಊರು ಅಮ್ಮಿನಬಾವಿ. ಹಗಲು ಔಷಧಿ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿನಲ್ಲಿ ಓದಿ, ಆಮೇಲೆ ನಿರೀಕ್ಷಕರ ತರಬೇತಿ ಮುಗಿಸಿ ಈ ನೌಕರಿ ಹಿಡಿದಿದ್ದಳು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಗೋಕುಲ ರಸ್ತೆಯ ಹಿಂದೊಂದು ಬಾಡಿಗೆ ಮನೆಯಲ್ಲಿ ತಾಯಿ ಫಕೀರವ್ವನ ಜೊತೆ ಇದ್ದಳು. ಮುಂಜಾನೆ ಮನೆ ಬಿಡುವಾಗ ಬೀಗ ಹಾಕಿ, ರಸ್ತೆಯ ತನಕ ಹೋಗಿ, ಬೀಗ ಬಿದ್ದಿದೆಯೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡುವವಳು. ಒಂದು ದಿನ ಒಳಗಿನಿಂದ ಫಕೀರವ್ವ ಕೂಗಿದ್ದಳು:

"ಒಳಗ ನಾ ಕುಂತೇನಿ, ಹೊರಗಿಂದ ಕೀಲಿ ಹಾಕಿ ಜಗ್ಗಿ ನೋಡಾಕತ್ತೀಯಲ್ಲ, ನನ್ನ ಯಾರ ಕದ್ದಕೊಂಡ ಹೋಗ್ತಾರವ್ವಾ?"

ಹೀಗೆ ಎಲ್ಲವನ್ನೂ ಎರಡೆರಡು ಸಲ ನೋಡುವವಳು ನೋಡಲೇಬೇಕಾದ ಒಂದನ್ನು ಒಂದು ಸಲವೂ ನೋಡಲಿಲ್ಲ. ಮುಂದೆ ನಡೆದದ್ದೆಲ್ಲ ಅದರಿಂದಲೇ.

ಕಮರಿಪೇಟೆಯ ಒಳಗೆ ಒಂದು ಓಣಿ. ಎದುರಿನಿಂದ ಸ್ಕೂಟರ್ ಬಂದರೆ ಈ ಕಡೆಯ ಸ್ಕೂಟರ್ ಯಾರದಾದರೂ ಕಟ್ಟೆಗೆ ಒರಗಿ ದಾರಿ ಬಿಡಬೇಕು. ಗಟಾರವೂ ನೀರಿನ ಪೈಪೂ ಅಕ್ಕಪಕ್ಕದಲ್ಲೇ ಹೋಗಿವೆ; ಪೈಪು ಯಾವ ಕಾಲದ್ದೆಂದು ಯಾರೂ ಹೇಳಲಾರರು. ಇಲ್ಲಿ ನೀರು ದಿನಾ ಬರುವುದಿಲ್ಲ. ವಾರ ಕಳೆದ ಮೇಲೆ ಒಂದು ದಿನ ಬರುತ್ತದೆ, ಆ ದಿನ ಓಣಿಯವರು ಯಾರೂ ಊರಿಗೆ ಹೋಗುವುದಿಲ್ಲ, ಮದುವೆಗೆ ಹೋಗುವುದಿಲ್ಲ. ಬ್ಯಾರಲ್, ಕೊಡ, ಬಕೆಟ್, ಹಾಲಿನ ಕ್ಯಾನ್, ಕೊನೆಗೆ ಚಹದ ಪಾತ್ರೆಯೂ ತುಂಬುತ್ತದೆ. ಮುಂದಿನ ಸಲದ ತನಕ ಅದೇ ನೀರು.

ಆ ಓಣಿಯ ಕೊನೆಯ ಮನೆಗಳಲ್ಲಿ ಮಕ್ಕಳಿಗೆ ವಾಂತಿ-ಭೇದಿ ಶುರುವಾಯಿತು. ಮೊದಲು ಒಬ್ಬಳು, ಶಹಜಹಾನಬೇಗಂ ಎಂಬ ಮುದುಕಿಯ ಮೊಮ್ಮಗಳು. ಅವಳನ್ನು ದವಾಖಾನೆಗೆ ಹಾಕಿ ಸಲಾಯಿನ್ ಏರಿಸಿದರು. ಆಮೇಲೆ ಅವರ ಎದುರು ಮನೆಯ ಇಬ್ಬರು. ಸುಕನ್ಯಾ ಬಂದು ಮನೆ ಮನೆ ಕೇಳಿದಳು, ಗಟಾರ ನೋಡಿದಳು, ಬ್ಯಾರಲ್ ಇಣುಕಿದಳು. ಬ್ಯಾರಲ್ ನೀರು ಪರೀಕ್ಷೆಗೆ ಉಪಯೋಗವಿಲ್ಲ, ಅದರಲ್ಲಿ ದಿನಾ ಹತ್ತು ಕೈ ಮುಳುಗಿರುತ್ತವೆ. ನಳ ಬಂದಾಗ ನಳದ ಬಾಯಿಯಿಂದಲೇ ಹಿಡಿಯಬೇಕು. ಪೈಪಿನ ಕೊನೆಯ ಮನೆಯಲ್ಲಿ ಹಿಡಿದರೆ ಇನ್ನೂ ಉತ್ತಮ. ಕೊನೆಯ ಮನೆ ಅಕ್ಕವ್ವನದು.

ನೀರು ಬಂದ ದಿನ ಸುಕನ್ಯಾ ಕುದಿಸಿ ಶುದ್ಧ ಮಾಡಿದ ಬಾಟಲಿ ಹಿಡಿದು ಅಕ್ಕವ್ವನ ಹೊಸ್ತಿಲಿಗೆ ಬಂದಳು. ಅಕ್ಕವ್ವ ಬಾಗಿಲಿಗೆ ಅಡ್ಡ ನಿಂತಳು. ಮಗಳು ಗೀತಾಂಜಲಿ ಚೊಚ್ಚಲ ಹೆರಿಗೆಗೆ ಬಂದಿದ್ದಳು, ಕೂಸು ಇನ್ನೂ ಎಳೆಯದು. ನಳ ಇರುವುದು ಹಿಂದಿನ ಬಚ್ಚಲಲ್ಲಿ, ಬಚ್ಚಲಿಗೆ ದಾರಿ ಬಾಣಂತಿ ಮಲಗಿದ ಕೋಣೆಯ ಮೂಲಕ.

"ಗಟಾರ ದಾಟಿ, ಮಂದಿ ಮನಿ ಹೊಕ್ಕು ಬಂದೀರಿ ಬಾಯಾರ," ಎಂದಳು ಅಕ್ಕವ್ವ. "ಬಾಣಂತಿ ಕೋಣಿಗೆ ಹೆಂಗ ಬಿಡಲಿ? ಬಾಟ್ಲಿ ಇಲ್ಲೆ ಕೊಡ್ರಿ, ನಾ ತುಂಬಿ ತರತೇನಿ."

ನಳದ ಬಾಯಿಯನ್ನು ಬೆಂಕಿಯಿಂದ ಸುಡಬೇಕು, ನೀರನ್ನು ಸ್ವಲ್ಪ ಹೊತ್ತು ಹರಿಯಬಿಡಬೇಕು, ನಿರೀಕ್ಷಕರೇ ಹಿಡಿಯಬೇಕು. ಇದೆಲ್ಲ ಸುಕನ್ಯಾಳಿಗೆ ಬಾಯಿಪಾಠ. ಆದರೆ ಬಾಣಂತಿ ಕೋಣೆಯ ಹೊಸ್ತಿಲನ್ನು ಹೊರಗಿನವರು ದಾಟಬಾರದು ಎಂಬುದು ಅದಕ್ಕೂ ಮೊದಲಿನ ಪಾಠ, ಅಮ್ಮಿನಬಾವಿಯಲ್ಲಿ ಕಲಿತದ್ದು. ರೋಗ ಬಿದ್ದ ಮನೆಗಳನ್ನು ಹೊಕ್ಕು ಬಂದ ಕಾಲು ನಿಜವಾಗಿಯೂ ಕೂಸಿಗೆ ಒಳ್ಳೆಯದಲ್ಲ ಎಂದೂ ಅನಿಸಿತು. ಬಾಟಲಿ ಕೊಟ್ಟಳು.

"ಬಾಯಿಗೆ ಬೆರಳು ತಾಗಿಸಬ್ಯಾಡ್ರಿ. ಒಂದು ಗ್ಲಾಸಿನ್ಯಾಗೂ ಬ್ಯಾರೆ ತರ್ರಿ."

"ಬಾಣಂತಿ ಮನಿಯಾಕಿಗೆ ಮಡಿ ಹೇಳಿಕೊಡ್ತೀಯೇನ ತಂಗಿ?" ಎಂದು ನಕ್ಕು ಅಕ್ಕವ್ವ ಒಳಗೆ ಹೋದಳು. ಸೆರಗಿನಿಂದ ಹಿಡಿದು ತುಂಬಿದ ಬಾಟಲಿ ತಂದಳು, ಗ್ಲಾಸನ್ನೂ ತಂದಳು. ಸುಕನ್ಯಾ ಗ್ಲಾಸಿನ ನೀರಿಗೆ ಔಷಧದ ಹನಿ ಹಾಕಿದಳು. ಕ್ಲೋರಿನ್ ಇದ್ದರೆ ನೀರು ಹಳದಿಯಾಗಬೇಕು. ಆಗಲಿಲ್ಲ. ಪೈಪಿನ ಕೊನೆಗೆ ಬರುವಷ್ಟರಲ್ಲಿ ಕ್ಲೋರಿನ್ ಉಳಿಯುವುದಿಲ್ಲ, ಇದು ಎಷ್ಟೋ ಕಡೆ ಕಂಡದ್ದೇ ಎಂದುಕೊಂಡಳು.

ಲ್ಯಾಬಿನಿಂದ ಉತ್ತರ ಬಂತು: ನೀರು ಕುಡಿಯಲು ಯೋಗ್ಯ. ಸುಕನ್ಯಾ ಓಣಿಗೆ ಬಂದು ಹಾಗೆಯೇ ಹೇಳಿದಳು. ನೀರು ಸರಿಯಿದ್ದ ಮೇಲೆ ತಿನ್ನುವುದರಲ್ಲಿ ದೋಷವಿರಬೇಕು. ಕಾಯಿಲೆ ಬಿದ್ದ ಮಕ್ಕಳೆಲ್ಲ ಓಣಿಯ ಬಾಯಿಗೆ ನಿಲ್ಲುವ ಹುಲಗೇಶನ ಗಾಡಿಯಲ್ಲಿ ಗಿರಮಿಟ್ ತಿಂದವರು. ಚುರಮುರಿಗೆ ಹಸಿ ಉಳ್ಳಾಗಡ್ಡಿ, ಹಸಿ ಕೊತ್ತಂಬರಿ ಉದುರಿಸಿ ಕೈಯಿಂದಲೇ ಕಲಸುವ ತಿನಿಸು ಅದು. ಚಾಕು ತೊಳೆಯುವ ಬಕೆಟ್ಟಿನ ನೀರು ಕಂದಾಗಿತ್ತು. ಗಾಡಿಗೆ ಬಂದ್ ನೋಟಿಸು ಅಂಟಿಸಿದಳು.

ಹುಲಗೇಶ ಜಗಳವಾಡಲಿಲ್ಲ. ದಿನಾ ಬಂದು ವಲಯ ಕಚೇರಿಯ ಮೆಟ್ಟಿಲ ಮೇಲೆ ಕೂತು, ಅವಳು ಹೋಗುವಾಗ ಬರುವಾಗ ಒಂದೇ ಮಾತು ಹೇಳುತ್ತಿದ್ದ.

"ನೀರು ಛಲೋ ಐತಿ, ಗಾಡಿ ಕೆಟ್ಟೈತಿ. ನನ್ನ ಗಾಡಿಗೆ ನೀರು ಎಲ್ಲಿಂದ ಬರತೈತ್ರಿ ಮೇಡಂ, ಮುಗಲಿಂದ?"

"ನಿನ್ನ ಕೈಯಾಗ ದೋಷ ಇರಬಹುದಪ್ಪಾ. ಚಾಕುನ್ಯಾಗ ಇರಬಹುದು."

"ಕೈ ಕತ್ತರಿಸಿ ಲ್ಯಾಬಿಗೆ ಕಳಸ್ರಿ ಹಂಗಾರ. ಚಾಕು ಐತಲ್ಲ."

ಮಾತು ತಮಾಷೆಯದಾದರೂ ಅವಳಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಗಾಡಿ ನಿಂತ ಮೇಲೂ ಇನ್ನೊಂದು ಮಗುವಿಗೆ ಭೇದಿ ಹಿಡಿದಿತ್ತು. ಅದು ಗಾಡಿ ನಿಲ್ಲುವ ಮೊದಲು ತಿಂದದ್ದೋ, ಬೇರೆ ಗಾಡಿಯಲ್ಲಿ ತಿಂದದ್ದೋ ತಾಯಿಗೇ ನೆನಪಿರಲಿಲ್ಲ. ಸುಕನ್ಯಾ ಊಟದ ತಾಟಿನ ಮುಂದೆ ಕೂತು ರೊಟ್ಟಿ ಮುರಿದು ಹಾಗೆಯೇ ಇಡುತ್ತಿದ್ದಳು. ಮುಂದಿನ ಸರದಿಯ ನೀರು ಬರುವ ದಿನ ಹತ್ತಿರ ಬಂತು.

ಅದರ ಹಿಂದಿನ ದಿನ ಮಧ್ಯಾಹ್ನ ಮತ್ತೆ ಓಣಿಗೆ ಹೋದಳು. ಬಿಸಿಲಿಗೆ ಬಾಯಿ ಒಣಗಿತ್ತು. ಅಕ್ಕವ್ವ ಕಟ್ಟೆಯ ಮೇಲೆ ಕೂಸಿನ ಬಟ್ಟೆ ಮಡಚುತ್ತಿದ್ದಳು. ಮುಖ ನೋಡಿಯೇ ಎದ್ದು ಒಳಗೆ ಹೋಗಿ ತಂಬಿಗೆ ತಂದಳು.

"ಕುಡೀರಿ, ಅಂಜಬ್ಯಾಡ್ರಿ. ಅವತ್ತ ನಿಮ್ಮ ಬಾಟ್ಲಿಗೆ ಹಾಕಿಕೊಟ್ಟೆನಲ್ಲಾ, ಆ ಹಂಡೇದ ನೀರ ಇದು."

ತಂಬಿಗೆ ಸುಕನ್ಯಾಳ ತುಟಿಯ ಹತ್ತಿರವೇ ನಿಂತಿತು. "ಯಾವ ಹಂಡೇರಿ?"

"ಬಾಣಂತಿಗೆ ಅಂತ ದಿನಾ ಕುದಿಸಿ ಸೋಸಿ ಇಡತೇನಲ್ಲಾ, ತಾಮ್ರದ ಹಂಡೆ."

"ಅಕ್ಕಾರ, ನಾ ನಳದ ನೀರು ಕೇಳಿದ್ದೆ."

"ಕೇಳಿದ್ರಿ. ಖರೇ." ಅಕ್ಕವ್ವನ ಮುಖದಲ್ಲಿ ತಪ್ಪು ಮಾಡಿದ ಛಾಯೆಯೂ ಇರಲಿಲ್ಲ. "ನಳ ಆಗಷ್ಟ ಬಂದಿತ್ತು, ರಾಡಿ ಬರಾಕತ್ತಿತ್ತು. ಸರಕಾರದವ್ರು ಹೊಸ್ತಲಕ ಬಂದು ನೀರು ಬೇಡಿದ್ರ ರಾಡಿ ನೀರು ಕೊಡೂದೇನು? ಮಂದಿ ಏನಂದಾರು? ಮನ್ಯಾಗ ಇದ್ದದ್ದರಾಗ ಛಲೋದ ಕೊಡಬೇಕಲ್ಲ. ಯಾಕ, ಏನಾತು? ಛಲೋ ಐತಿ ಅಂತ ಬಂತು ಹೌದಿಲ್ಲೋ?"

"ಬಂತ್ರಿ," ಎಂದಳು ಸುಕನ್ಯಾ. ಆ ನೀರು ಯಾಕೆ ಹಳದಿಯಾಗಲಿಲ್ಲ ಎಂಬುದು ಈಗ ಹೊಳೆಯಿತು: ಕುದಿಸಿದ ನೀರಿನಲ್ಲಿ ಕ್ಲೋರಿನ್ ಎಲ್ಲಿಂದ ಉಳಿಯಬೇಕು. ತಂಬಿಗೆಯ ನೀರು ಕುಡಿದಳು. ಒಳ್ಳೆಯ ನೀರು.

ಕಚೇರಿಗೆ ಹೋಗುವ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ನಾಳೆ ಬೆಳಗಾದರೆ ವಾಲ್ವ್ ತಿರುಗಿಸುತ್ತಾರೆ. ಓಣಿಯ ಪ್ರತಿ ಮನೆಯೂ ಒಂದು ವಾರಕ್ಕಾಗುವಷ್ಟು ತುಂಬಿಕೊಳ್ಳುತ್ತದೆ, ನೀರು ಯೋಗ್ಯ ಎಂಬ ಅವಳ ಮಾತನ್ನೇ ನಂಬಿ.

ಆರೋಗ್ಯಾಧಿಕಾರಿ ಬಿಂದುಮಾಧವರು ಧಾರವಾಡದವರು, ಸಂಗೀತದ ಮನೆಯವರು. ಎದುರಿನವರ ಮಾತು ಕೇಳುವಾಗ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುವುದು ಅವರ ರೂಢಿ; ತಾಳ ನಿಂತಿತೆಂದರೆ ಸಿಟ್ಟು ಬಂದಿದೆ ಎಂದು ಕಚೇರಿಯವರೆಲ್ಲ ಬಲ್ಲರು. ಸುಕನ್ಯಾ ನಿಂತೇ ಎಲ್ಲ ಹೇಳಿದಳು. ಅರ್ಧಕ್ಕೇ ತಾಳ ನಿಂತಿತು.

"ಅಂದ್ರ ನೀವು ಕೈಯಾರೆ ಹಿಡದಿಲ್ಲ."

"ಇಲ್ರಿ ಸರ್."

"ಬಾಣಂತಿ ಕುಡಿಯೋ ನೀರು ಲ್ಯಾಬಿಗೆ ಕಳಿಸೀರಿ. ಈ ಊರಾಗ ಅದಕ್ಕಿಂತ ಶುದ್ಧ ನೀರು ಮತ್ತೊಂದು ಸಿಗಲಿಕ್ಕಿಲ್ಲ ಬಿಡ್ರಿ."

"ನಾಳೆ ನೀರು ಬಿಡಬಾರದ್ರಿ ಸರ್. ಮೊದಲು ಪರೀಕ್ಷಾ ಆಗಲಿ."

"ಬಿಡಲಾರದ ಪರೀಕ್ಷಾ ಹ್ಯಾಂಗ ಮಾಡ್ತೀರಿ? ನಳದಾಗ ನೀರು ಬಂದ್ರನ ಮಾದರಿ. ಬಂತಂದ್ರ ಮಂದಿ ತುಂಬತಾರ. ಲ್ಯಾಬಿನ ಉತ್ತರ ಬರೂತನಕ ಕೊಡ ಮುಂದಿಟ್ಟುಕೊಂಡು ಕೂಡ್ತಾರೇನು?"

ದಾರಿಯಲ್ಲಿ ಇಷ್ಟೆಲ್ಲ ಯೋಚಿಸಿದವಳಿಗೆ ಇದೊಂದು ಹೊಳೆದಿರಲಿಲ್ಲ. ಬಿಂದುಮಾಧವರು ನೀರಿನ ಎಂಜಿನಿಯರಿಗೆ ಫೋನು ಹಚ್ಚಿದರು. ಆ ಕಡೆಯ ದನಿ ಕೋಣೆಗೆಲ್ಲ ಕೇಳಿಸಿತು: "ವಾರದ ಮ್ಯಾಲಾತ್ರಿ ಸಾಹೇಬ್ರ ಆ ಓಣಿಗೆ ನೀರಿಲ್ಲ. ನಾಳೆನೂ ಇಲ್ಲ ಅಂದ್ರ ಕೊಡ ತಗೊಂಡು ನನ್ನ ಮನಿಗೆ ಬರತಾರ ಮಂದಿ."

ಫೋನು ಇಟ್ಟು ಅವರು ಕನ್ನಡಕ ತೆಗೆದರು.

"ಸುಕನ್ಯಾ, ನೋಡ್ರಿ. ನಾಳೆ ಹೋಗಿ ಸುಮ್ಮನ ಹೊಸಾ ಮಾದರಿ ತಗೊಂಡು ಬರ್ರಿ. ಹಳೇದು ಹ್ಯಾಂಗ ಆತು ಅಂತ ಯಾರೂ ಕೇಳೋದಿಲ್ಲ. ಮೊದಲಿನ ಮಾದರಿ ತಪ್ಪು ಅಂತ ಬರದು ಕೊಟ್ರೋ, ಗಾಡಿ ಮುಚ್ಚಿಸಿದ್ದೂ ತಪ್ಪಾಗತದ, ನಿಮಗ ಮೆಮೋ ಬರತದ. ನೌಕರಿ ಇನ್ನೂ ಖಾಯಂ ಆಗಿಲ್ಲ, ನೆನಪದ ಅಲ್ಲ?"

"ಬರದು ಕೊಡದ ಇದ್ರ, ನೀರು ಕುಡೀಬ್ಯಾಡ್ರಿ ಅಂತ ನಾಳೆ ಮಂದಿಗೆ ಹೇಳಾಕ ಬರತೈತೇನ್ರಿ ಸರ್?"

"ಬರೋದಿಲ್ಲ. ಕಾಗದದ ಮ್ಯಾಲೆ ನೀರು ಛಲೋ ಅದ."

ಅವಳು ಕಾಗದ, ಪೆನ್ನು ತೆಗೆದುಕೊಂಡಳು. ಗಾಡಿಯವನ ಮಾತು ನೆನಪಾಯಿತು, ಖಾಯಂ ಆದ ಮೇಲೆ ಸ್ವಂತ ನಳವಿರುವ ಮನೆ ಹುಡುಕೋಣ ಎಂದ ತಾಯಿಯ ಮಾತೂ ನೆನಪಾಯಿತು. ತಾನು ಹೆದರಿ ಅತಿ ಮಾಡುತ್ತಿದ್ದೇನೆಯೇ, ನೀರು ಸರಿಯೇ ಇದ್ದರೆ ಇಡೀ ಓಣಿಯನ್ನು ಸುಮ್ಮನೆ ಬೆದರಿಸಿದಂತೆ ಆಗುವುದಿಲ್ಲವೇ ಎಂದು ಎರಡು ಸಲ ಪೆನ್ನು ಕೆಳಗಿಟ್ಟಳು. ಕೊನೆಗೆ ಬರೆದಳು. ಬಿಂದುಮಾಧವರು ಓದಿ ಸಹಿ ಮಾಡಿದರು.

"ಮೈಕಿನ ಆಟೋ ಈ ಹೊತ್ತಿನ್ಯಾಗ ಸಿಗೋದಿಲ್ಲ. ನೀವ ಹೋಗಿ ಹೇಳ್ರಿ."

ಮೆಟ್ಟಿಲ ಮೇಲೆ ಹುಲಗೇಶ ಕೂತಿದ್ದ. ಅವನು ಬಾಯಿ ತೆರೆಯುವ ಮೊದಲೇ ಸುಕನ್ಯಾ ನಡೆದದ್ದನ್ನು ಹೇಳಿಬಿಟ್ಟಳು. ಹುಲಗೇಶ ತಲೆ ಕೆರೆದುಕೊಂಡ.

"ಹಂಗಾರ ಗಾಡಿ ತಗೀಲ್ರಿ?"

"ಇನ್ನೂ ಬ್ಯಾಡ. ನಿನ್ನ ಗಾಡೀದೂ ಏನಂತ ಗೊತ್ತಿಲ್ಲ."

"ನೀರಿಂದೂ ಗೊತ್ತಿಲ್ಲ, ಗಾಡೀದೂ ಗೊತ್ತಿಲ್ಲ. ಮತ್ತ ನಿಮಗ ಗೊತ್ತಿರೂದರ ಏನ್ರಿ?"

"ಕುದಿಸಿ ಕುಡೀಬೇಕು ಅನ್ನೋದ ಒಂದು ಗೊತ್ತೈತಿ."

"ಅದು ಅಕ್ಕವ್ವಗೂ ಗೊತ್ತೈತಿ ಬಿಡ್ರಿ," ಎಂದು ಅವನು ಎದ್ದು ಪ್ಯಾಂಟು ಝಾಡಿಸಿಕೊಂಡ. "ನಡೀರಿ. ನೀವು ಒದರಿದ್ರ ಬಾಜೂ ಮನಿಗೂ ಕೇಳಂಗಿಲ್ಲ."

ಹೊತ್ತು ಮುಳುಗುವ ಸಮಯಕ್ಕೆ ಇಬ್ಬರೂ ಓಣಿ ಹೊಕ್ಕರು. ಹುಲಗೇಶನ ದನಿ ಓಣಿಗೆಲ್ಲ ಪರಿಚಿತ. ಗಿರಮಿಟ್ ಮಾರುವ ರಾಗದಲ್ಲೇ ಅವನು ಎಳೆದ: "ನಾಳಿ ನೀರ ಹಸೀದ ಕುಡೀಬ್ಯಾಡ್ರೀ... ಕುದಿಸಿ ಕುಡೀರೀ..." ಮಾತಿನ ಕಡೆ ಗಮನ ಕೊಡದೆ ರಾಗವಷ್ಟೇ ಕೇಳಿದವರು ತಾಟು ಹಿಡಿದು ಹೊರಗೆ ಬಂದರು. ಒಬ್ಬಳು ಎರಡು ಮಿರ್ಚಿಯನ್ನೂ ಕೇಳಿದಳು. ನಗೆ ಎದ್ದಿತು. ಆದರೆ ವಿಷಯ ತಿಳಿದ ಮೇಲೆ ಅದು ಅಲ್ಲಿಗೇ ನಿಂತಿತು.

"ಗ್ಯಾಸ್ ನೀವು ತುಂಬಿಸಿಕೊಡ್ತೀರೇನ್ರಿ? ವಾರದ ನೀರು ಕುದಿಸೂದಂದ್ರ ಹುಡುಗಾಟಿಕಿ ಏನು?"

"ಕುಡಿಯೋದಷ್ಟ ಕುದಿಸ್ರಿ."

"ಹೋದ ವಾರ ಛಲೋ ಐತಿ ಅಂದ್ರಿ, ಈ ವಾರ ಕೆಟ್ಟೈತಿ ಅಂತೀರಿ. ಮುಂದಿನ ವಾರ ಏನಂತೀರಿ, ಈಗ ಹೇಳಿಬಿಡ್ರಿ."

ಶಹಜಹಾನಬೇಗಂ ಬಾಗಿಲಲ್ಲಿ ನಿಂತಿದ್ದರು. ಅವರು ದನಿ ಏರಿಸಲಿಲ್ಲ.

"ಬೇಟಿ, ನೀರು ಛಲೋ ಐತಿ ಅಂತ ನೀನ ಹೇಳಿದಿ. ದವಾಖಾನಿಯಿಂದ ಕರಕೊಂಡ ಬಂದು ಮೊಮ್ಮಗಳಿಗೆ ಅದ ನೀರು ಕುಡಿಸಾಕತ್ತೇನಿ. ಡಾಕ್ಟರು ಕುದಿಸಿ ಕೊಡು ಅಂದಿದ್ರು. ನಾ ನಿನ್ನ ಮಾತು ಕೇಳಿ ಬಿಟ್ಟೆ."

"ತಪ್ಪು ನಂದ ಐತ್ರಿ," ಎಂದಳು ಸುಕನ್ಯಾ. "ಅವತ್ತ ನಾ ಕಳಿಸಿದ್ದು ನಳದ ನೀರಲ್ಲ. ಅಕ್ಕವ್ವನ ಮನಿ ಕುದಿಸಿದ ನೀರು."

ಕೊನೆಯ ಮನೆಯ ಕಟ್ಟೆಯಿಂದ ಅಕ್ಕವ್ವ ಕೇಳಿಸಿಕೊಂಡಳು. ಎದ್ದು ಬಂದು ನಡು ಓಣಿಯಲ್ಲಿ ನಿಂತಳು.

"ಈಗ ನನ್ನ ಮನಿ ನೀರಿಗೆ ಹೆಸರಿಟ್ರೇನ್ರಿ? ಇದ್ದದ್ದರಾಗ ಛಲೋ ಕೊಟ್ಟದ್ದ ನನ್ನ ತಪ್ಪಾತು."

"ನಿಮ್ಮ ತಪ್ಪು ಅನ್ನಲಿಲ್ಲರಿ ಅಕ್ಕಾರ. ನಾ ಬಾಟ್ಲಿ ಕೊಟ್ಟದ್ದು ತಪ್ಪು."

"ಎರಡೂ ಒಂದ ಆತು," ಎಂದು ಅಕ್ಕವ್ವ ತಿರುಗಿ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಕತ್ತಲು ಹರಿಯುವ ಮೊದಲೇ ಸುಕನ್ಯಾ ಓಣಿಯಲ್ಲಿದ್ದಳು. ಅಕ್ಕವ್ವನ ಬಾಗಿಲು ತಟ್ಟಲು ಧೈರ್ಯ ಸಾಲದೆ ಸ್ವಲ್ಪ ಹೊತ್ತು ಹಾಗೆಯೇ ನಿಂತಳು. ಬಾಗಿಲು ತಾನಾಗಿ ತೆರೆಯಿತು. ಬಾಣಂತಿಯ ಮಂಚದ ಸುತ್ತ ಸೀರೆಯ ಪರದೆ ಕಟ್ಟಿತ್ತು.

"ಕಾಲು ತೊಳಕೊಂಡು ಬರ್ರಿ," ಎಂದಳು ಅಕ್ಕವ್ವ, ಮುಖ ನೋಡದೆ. "ಕೂಸಿನ ಕಡೆ ತಿರುಗಿ ನೋಡಬ್ಯಾಡ್ರಿ."

ಬಚ್ಚಲ ಗುಂಡಿಯಲ್ಲಿ ನಳ ಮೊದಲು ಗಾಳಿ ಉಗುಳಿತು, ಕೆಮ್ಮಿತು, ಆಮೇಲೆ ರಾಡಿ ಬಂತು, ಆಮೇಲೆ ತಿಳಿ. ಸುಕನ್ಯಾ ನಳದ ಬಾಯಿ ಸುಟ್ಟು, ನೀರು ಹರಿಯಬಿಟ್ಟು, ಬಾಟಲಿ ಹಿಡಿದಳು. ಹಿಡಿಯುವಾಗಲೇ ಮೂಗಿಗೆ ಘಾಟು ಹೊಡೆಯಿತು. ಗ್ಲಾಸಿಗೆ ಹನಿ ಹಾಕಿದಳು. ನೀರು ಅರಿಸಿನ ಕಲಸಿದಂತೆ ಹಳದಿಯಾಯಿತು.

ಓಣಿಯ ಬಾಯಿಗೆ ಓಡಿದಳು. ವಾಲ್ವಿನವನು ಬೀಡಿ ಹಚ್ಚುತ್ತಿದ್ದ.

"ನೀರಿಗೆ ಬ್ಲೀಚಿಂಗ್ ಪೌಡರ್ ಹಾಕೀರೇನು?"

"ರಾತ್ರಿ ನಿಮ್ಮ ಸಾಹೇಬ್ರ ಫೋನ್ ಬಂದಿತ್ತಂತ್ರಿ ಎಂಜಿನಿಯರ್ ಸಾಹೇಬ್ರಿಗೆ. ಸ್ವಲ್ಪ ಹೆಚ್ಚಾದ್ರೂ ಚಿಂತಿಲ್ಲ, ಗಟ್ಟಿ ಹಾಕ್ರಿ ಅಂದ್ರಂತ. ಹಾಕೇವಿ. ಈಗ ಹುಳಾ ಏನು, ಹುಳದಪ್ಪ ಇದ್ರೂ ಸತ್ತಿರತೈತಿ."

ಬಿಂದುಮಾಧವರು ಅವಳೆದುರು ಹೇಳದ್ದನ್ನು ಅವಳು ಹೋದ ಮೇಲೆ ಮಾಡಿದ್ದರು. ಅದು ಒಳ್ಳೆಯದೇ, ಅಂದು ಹಸಿ ನೀರು ಕುಡಿದ ಮಕ್ಕಳಿಗೂ ಏನೂ ಆಗಲಿಲ್ಲ. ಆದರೆ ಅವಳ ಕೈಯಲ್ಲಿದ್ದ ಬಾಟಲಿಯಿಂದ ಇನ್ನು ತಿಳಿಯುವುದೇನೂ ಉಳಿದಿರಲಿಲ್ಲ. ಆದರೂ ಲ್ಯಾಬಿಗೆ ಕೊಟ್ಟಳು. ಕುಡಿಯಲು ಯೋಗ್ಯ ಎಂದೇ ಬಂತು. ಓಣಿಯವರು ಔಷಧದ ವಾಸನೆಗೆ ಅವಳನ್ನು ಬೈದರು, ಚಹಾ ಕೆಟ್ಟಿತೆಂದು ಬೈದರು, ಬೈಯುತ್ತಲೇ ಕುದಿಸಿದರು.

ಆಮೇಲೆ ಗಟಾರದ ಬದಿಗೆ ಒಂದು ಕಡೆ ಅಗೆದರು. ಪೈಪಿನ ಜೋಡಣೆ ಒದ್ದೆಯಾಗಿತ್ತು. ಪೈಪಿನ ನೀರು ಹೊರಗೆ ಜಿನುಗಿ ಒದ್ದೆಯಾದದ್ದೋ, ಗಟಾರದ ನೀರು ಒಳಗೆ ಇಳಿದು ಒದ್ದೆಯಾದದ್ದೋ ಎಂದು ಸುಕನ್ಯಾ ಕೇಳಿದಳು. ಅಗೆಯುವವರು ಅವಳ ಮುಖ ನೋಡಿ, ಹಳೆಯ ತುಂಡು ತೆಗೆದು ಹೊಸದು ಕೂಡಿಸಿ ಮಣ್ಣು ಮುಚ್ಚಿದರು. ಹುಲಗೇಶನ ನೋಟಿಸು ರದ್ದಾಯಿತು. ಅವನು ಬಕೆಟ್ಟು ಬದಲಿಸಿ, ಕೈಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ಕಲಸತೊಡಗಿದ, ರುಚಿ ಹೋಯಿತೆಂದು ಗಿರಾಕಿಗಳು ಅಂದ ಮೇಲೆ ಚೀಲ ತೆಗೆದ. ಸುಕನ್ಯಾಳಿಗೆ ಮೆಮೋ ಬಂತು, ಉತ್ತರ ಬರೆದಳು. ಖಾಯಂ ಆಗುವ ಮಾತು ಮುಂದಕ್ಕೆ ಹೋಯಿತು, ಎಷ್ಟು ಮುಂದಕ್ಕೆ ಎಂದು ಯಾರೂ ಹೇಳಲಿಲ್ಲ.

ಶಹಜಹಾನಬೇಗಂ ಅವರ ಮೊಮ್ಮಗಳು ಈಗ ಶಾಲೆಗೆ ಹೋಗುತ್ತಿದ್ದಾಳೆ. ಓಣಿಯಲ್ಲಿ ಹೊಸದಾಗಿ ಯಾರಿಗೂ ಭೇದಿ ಹಿಡಿಯಲಿಲ್ಲ. ಅದು ಪೈಪು ಬದಲಿಸಿದ್ದಕ್ಕೆ ನಿಂತಿತೋ, ಪೌಡರಿಗೆ ನಿಂತಿತೋ, ನೀರು ಕುದಿಸಿದ್ದಕ್ಕೋ, ಕೆಲವು ದಿನ ಗಾಡಿ ಇಲ್ಲದ್ದಕ್ಕೋ, ಇಲ್ಲ ಬಂದಂತೆ ತಾನೇ ಹೋಯಿತೋ ತಿಳಿಯದು. ಮೊದಲ ದಿನ ಆ ಬಾಟಲಿಗೆ ನಳದ ನೀರು ಬಿದ್ದಿದ್ದರೆ ಲ್ಯಾಬು ಏನು ಹೇಳುತ್ತಿತ್ತು ಎಂದು ಸುಕನ್ಯಾ ಬಿಂದುಮಾಧವರನ್ನು ಒಮ್ಮೆ ಕೇಳಿದಳು. ಅವರಿಗೂ ಗೊತ್ತಿರಲಿಲ್ಲ. ಇದನ್ನು ಹೇಳಿದವರಿಗೂ ಗೊತ್ತಿಲ್ಲ.